ಪಿಸ್ತೂಲೋ, ರಿವಾಲ್ವರೋ, ಒಂಟಿನಳಿಗಿ ಬಂದೂಕೋ?



ಈ ಸಲ ಎರಡು ಎಕರೆ ಶೇಂಗಾ ಹಾಕಿದ್ದೆ. ಕಾಯಿ ಬಲಿಯೋ ಹೊತ್ತಿಗೆ ಹಂದಿ ಬಿದ್ದು ಮೂರೇ ರಾತ್ರ್ಯಾಗ ಅರ್ಧ ಎಕರೆ ಕಿತ್ತು ಹಾಕಿದ್ವು. ತಂಗಿ ಮಗ ಅಂದ, "ಮಾವ, ಲೈಸನ್ಸ್ ಮಾಡಿಸಿ ಒಂದು ಪಿಸ್ತೂಲ್ ತಗೋರಿ. ಕಿಸೆದಾಗ ಇರ್ತದ, ಸೇಫ್ಟಿನೂ ಇರ್ತದ." ಹೈದರಾಬಾದಿಗೆ ಹೋದಾಗ ಇಬ್ಬರೂ ಒಂದು ಬಂದೂಕಿನ ಅಂಗಡಿಗೆ ಹೋದ್ವಿ.

ಅಲ್ಲಿ ಎರಡು ತೋರಿಸಿದ್ರು. ಒಂದು ಇಶಾಪುರ ಕಾರ್ಖಾನೆಯ 'ಅಶನಿ' ಪಿಸ್ತೂಲ್. ಇನ್ನೊಂದು ಕಾನ್ಪುರದ 'ನಿರ್ಭೀಕ್' ರಿವಾಲ್ವರ್, 2014ರಾಗ ಬಂದದ್ದು, ತೂಕ ಅರ್ಧ ಕಿಲೋ ಆಸುಪಾಸು. ಎರಡೂ .32. ನಾನು ಕೇಳಿದ್ದು ಒಂದೇ ಮಾತು: "ಒಳಗ ಗುಂಡು ಅದನೋ ಇಲ್ಲೋ, ಹೆಂಗ ಗೊತ್ತಾಗ್ತದ?"

ಪಿಸ್ತೂಲಿಗೆ ಹೆಬ್ಬೆರಳಿಂದ ಹಾಕೋ ಸೇಫ್ಟಿ ಕೀಲಿ ಅದ. ಆದ್ರ ಮ್ಯಾಗಜೀನ್ ತೆಗೆದ್ರೂ ನಳಿಗ್ಯಾಗ ಒಂದು ಗುಂಡು ಉಳಿದಿರಬಹುದು. ಮೇಲಿನ ಸ್ಲೈಡ್ ಹಿಂದಕ್ಕ ಎಳೆದು ಕಣ್ಣಾರೆ ನೋಡಬೇಕು. ಖಾಲಿ ಅಂತ ತಿಳಿದು ಜೀವ ತೆಗೆದದ್ದು ಬಹಳ ಸಲ ಆ ಒಂದು ಗುಂಡೇ. ರಿವಾಲ್ವರ್ ಆದ್ರ ಮಡಚಿ ತೆರೆದ್ರ ಎಲ್ಲಾ ಗೂಡೂ ಒಮ್ಮೆಗೇ ಕಾಣ್ತಾವ.

ನಾನು ಇದನ್ನೇ ಯಾಕ ಕೇಳಿದೆ ಅಂದ್ರ, ನಮ್ಮಪ್ಪನ ಹತ್ರ ಮದ್ದು ಜಡಿಯೋ ನಾಡಬಂದೂಕು ಇತ್ತು. ಸಲಾಕಿ ಮ್ಯಾಲ ಒಂದು ಗೀರು ಹಾಕಿದ್ದ. ನಳಿಗ್ಯಾಗ ಸಲಾಕಿ ಬಿಟ್ರ ಗೀರಿನ ತನ ಇಳೀಬೇಕು, ಇಳೀಲಿಲ್ಲ ಅಂದ್ರ ಮದ್ದು ತುಂಬ್ಯದ ಅಂತ ಲೆಕ್ಕ. ನಾನು ಎಂಟನೇತ್ತೆ ಇದ್ದಾಗ ಒಂದು ದಿನ ಅಪ್ಪ ಹೊಲದಿಂದ ಬಂದವನೇ ಹಂಗೇ ಗ್ವಾಡಿಗೆ ಒರಗಿಸಿ ಉಣ್ಣಾಕ ಕುಂತ. ನಾನು ಕುದುರಿ ಎಳೆದು ಆಟ ಆಡಿದೆ. ಛರಿ ಎಲ್ಲಾ ಮಾಳಿಗಿ ತೊಲಿಗೆ ಹೊಕ್ಕವು. ತಮ್ಮ ಅದರ ಕೆಳಗೇ ಮಲಗಿದ್ದ. ತೊಲ್ಯಾಗಿನ ಆ ತೂತು ಇವತ್ತಿಗೂ ಅವ. ಅಪ್ಪ ನನಗ ಹೊಡೀಲಿಲ್ಲ. ಅವತ್ತಿನ ಮ್ಯಾಲ ಅವನು ಬಂದೂಕು ಮುಟ್ಟಲೂ ಇಲ್ಲ.

ಈಗ ಮನ್ಯಾಗ ಆರು ವರ್ಷದ ಮೊಮ್ಮಗ ಅದಾನ. ಕಿಸೆದಾಗ ಇರೋದು ಹಾಸಿಗಿ ಕೆಳಗೂ ಬರ್ತದ. ಪಿಸ್ತೂಲ್ ಬ್ಯಾಡ ಅಂದೆ.

ಹೊಲಕ್ಕೂ ಅದು ಬರೋದಲ್ಲ. 1959ರ ಶಸ್ತ್ರ ಕಾಯ್ದೆ ಪ್ರಕಾರ ಬೆಳೆ ಕಾಯೋದಕ್ಕ ಕೊಡೋದು ನಾಡಬಂದೂಕಿಗೆ. ಅದು ಸಾಲೋದಿಲ್ಲ ಅಂತ ಅಧಿಕಾರಿಗೆ ಮನವರಿಕೆ ಆದ್ರ ಬೇರೆ ನುಣುಪು ನಳಿಗಿ ಬಂದೂಕಿಗೆ. ಮ್ಯಾಲೆ, ಕತ್ತಲಾಗ ಪಿಸ್ತೂಲ್ ಗುಂಡು ಹಂದಿಗೆ ತಪ್ಪಿದ್ರ ಎಲ್ಲಿಗೆ ಹೋಗ್ತದ? ಪಕ್ಕದ ಜ್ವಾಳದಾಗ ನಮ್ಮಂಗ ಕಾಯಾಕ ಬಂದವನು ಮಲಗಿರ್ತಾನ.

ನಾನು ಒಂಟಿನಳಿಗಿ, ನಡು ಮಡಚೋ 12 ಬೋರಿಗೆ ಅರ್ಜಿ ಕೊಟ್ಟೀನಿ. ಕುದುರಿ ಹೊರಗ ಕಾಣೋದೇ ಬೇಕು ಅಂತ ನಿರ್ಧಾರ ಮಾಡೀನಿ. ಕುದುರಿ ಒಳಗಿರೋ ಬಂದೂಕಿಗೆ ಸೇಫ್ಟಿ ಇದ್ರೂ ಬಹಳಷ್ಟರಾಗ ಅದು ಟ್ರಿಗರ್ ಅಷ್ಟೇ ಹಿಡೀತದ. ಜೋರು ಬಿದ್ರ ಹಾರಬಹುದು. ಮಡಚಿ ಹೆಗಲಿಗೆ ಹಾಕ್ಕೊಂಡ್ರ ದೂರದವನಿಗೂ ಖಾಲಿ ಅಂತ ಕಾಣ್ತದ. ಅದೇ ದೊಡ್ಡ ಸೇಫ್ಟಿ.

ಲೈಸನ್ಸ್ ಇದ್ದ ಮಾತ್ರಕ್ಕ ಹಂದಿ ಹೊಡೀಬಹುದು ಅಂತಲ್ಲ, ಅದಕ್ಕ ಅರಣ್ಯ ಇಲಾಖೆ ಅನುಮತಿ ಬ್ಯಾರೆ ಬೇಕು. ಚಿಗರಿಯಂತೂ ಮುಟ್ಟಂಗೇ ಇಲ್ಲ, ಜೈಲು. ಚುನಾವಣೆ ಬಂದ್ರ ಸ್ಟೇಷನ್ನಿಗೆ ಒಪ್ಪಿಸಬೇಕಾಗಬಹುದು, ಬೆಳೆ ನಿಂತಿದ್ರೂ.

ಅರ್ಜಿ ಇನ್ನೂ ಕಚೇರ್ಯಾಗೇ ಅದ. ಅಲ್ಲಿತನಕ ಡಬ್ಬಿ, ಬ್ಯಾಟರಿ, ನಿದ್ದೆಗೇಡು. ಬಂದೂಕು ಇರೋ ಅಣ್ಣಂದಿರಿಗೆ ಒಂದೇ ಮಾತು: ಬದು ದಾಟೋ ಮುಂದ, ಮನಿ ಹೊಕ್ಕೋ ಮುಂದ ಖಾಲಿ ಮಾಡ್ರಿ. ತೋಟಾ ಒಂದು ಕಡಿ, ಬಂದೂಕು ಒಂದು ಕಡಿ ಕೀಲಿ ಹಾಕಿ ಇಡ್ರಿ. ಬಂದೂಕಿಲ್ಲದೆ ಹಂದಿ ತಡೆದವರು ಇದ್ರ, ಹೆಂಗ ಅಂತ ತಿಳಿಸ್ರಿ.