ಶೇಷ ಪರ್ವತದ ಬೆನ್ನ ಮೇಲೆ ಸಿಡಿಲು

ಒಂದು... ಎರಡು... ಮೂರು...

ಮಿಂಚಿದಾಗಿನಿಂದ ಎಣಿಸುತ್ತ ಮೂರು ಎನ್ನುವಷ್ಟರಲ್ಲಿ ಗುಡುಗಿತು. ಕಾಲಡಿಯ ನೆಲವೇ ಅದುರಿತು. ಸದ್ದು ಒಂದು ಕಿಲೋಮೀಟರ್ ದಾಟಲು ತೆಗೆದುಕೊಳ್ಳುವುದು ಹೆಚ್ಚುಕಡಿಮೆ 3 ಸೆಕೆಂಡು. ಅಂದರೆ ಸಿಡಿಲು ನಮ್ಮ ನೆತ್ತಿಯ ಹತ್ತಿರಕ್ಕೇ ಬಂದಿದೆ! ಎದುರಿಗೆ ನಾವು ದಾಟಿ ಮರಳಬೇಕಿದ್ದ ಶೇಷ ಪರ್ವತದ ಏರು. ಅದರಾಚೆ ಮರವಿಲ್ಲ, ಮರೆಯಿಲ್ಲ, ಬರೀ ಹುಲ್ಲಿನ ಬೋಳು ದಿಬ್ಬ. ಅಲ್ಲಿ ಕಾಲಿಟ್ಟರೆ ಇಡೀ ಗುಡ್ಡಕ್ಕೆ ನಾವು ನಾಲ್ವರೇ ಎತ್ತರದ ಗುರಿ.

"ಹಿಂದಕ್ಕೆ! ಕಾಡಿನೊಳಕ್ಕೆ!" ತಂಗಿ ಕಿರುಚಿದಳು. ಓಡಿದೆವು.

ತಪ್ಪು ಆಗಿದ್ದು ಈ ಮಳೆಯಲ್ಲಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ. ಕೆಲವು ವರ್ಷಗಳ ಹಿಂದಿನ ಅಕ್ಟೋಬರ್ ಅದು. ಕುಮಾರ ಪರ್ವತದ ಬುಡದ ಕುಕ್ಕೆಯಿಂದ ಹಿಂದಿನ ದಿನವೇ ದಟ್ಟ ಕಾಡಿನ ಏರು ಮುಗಿಸಿ ದಾರಿ ನಡುವಿನ ಗಿರಿಗದ್ದೆ ಸೇರಿದ್ದೆವು. ಬೆಳಿಗ್ಗೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನ ಪುಸ್ತಕದಲ್ಲಿ ನಾನು, ತಂಗಿ, ಮೈಸೂರಿನ ಒಬ್ಬ ಗೆಳೆಯ, ಉಡುಪಿಯ ಇನ್ನೊಬ್ಬ, ಹೀಗೆ ನಾಲ್ವರ ಹೆಸರು ಬರೆಸಿ ಹೊರಡುವಾಗ 8 ದಾಟಿತ್ತು. ಎಲ್ಲೇ ಇರಲಿ, 12 ಗಂಟೆಗೆ ತಿರುಗಿಬಿಡಬೇಕು ಎಂದು ಮಾತಾಗಿತ್ತು. ಹಿಂಗಾರಿನ ಮೋಡ ಘಟ್ಟದ ಮೇಲೆ ಕಟ್ಟುವುದು ಮಧ್ಯಾಹ್ನದ ನಂತರವೇ. ಆದರೆ 12ಕ್ಕೆ ಕೊನೆಯ ಕಡಿದಾದ ಬಂಡೆಯ ಬುಡದಲ್ಲಿದ್ದೆವು. ಕುಮಾರ ಪರ್ವತದ ತುದಿ, 1712 ಮೀಟರ್, ಕೈಚಾಚಿದರೆ ಸಿಗುವಂತಿತ್ತು. "ಇನ್ನು ಅರ್ಧ ಗಂಟೆ, ಅಷ್ಟೇ" ಎಂದವನು ನಾನೇ. ಆ ಮಾತು ನೆನಪಾದಾಗಲೆಲ್ಲ ಈಗಲೂ ಎದೆ ಧಸಕ್ಕೆನ್ನುತ್ತದೆ. ತುದಿಯಲ್ಲಿ ಕಣ್ಣು ತಣಿಯುವಷ್ಟು ನೋಡಿದೆವು. ಕೆಳಗೆ ಪುಷ್ಪಗಿರಿ ಅಭಯಾರಣ್ಯದ ಹಸಿರು, ಹುಲ್ಲಿನ ಮೇಲೆ ಓಡುವ ಮೋಡದ ನೆರಳು, ಕಣಿವೆ ಕಣಿವೆಯಲ್ಲಿ ಬೆಚ್ಚಗೆ ಅಡಗಿದ ಶೋಲಾ ಕಾಡು. ಎದ್ದಾಗ 1.45. ಪಡುವಣದಲ್ಲಿ ಕಾಡಿಗೆ ಹಚ್ಚಿದಂಥ ಕಪ್ಪು.

ಇಳಿಯುವಾಗ ಆ ಬಂಡೆಯ ಮೇಲೆ ನೀರು ಹರಿಯುತ್ತಿತ್ತು. ಕೂತು, ಬೆನ್ನು ಬಂಡೆಗೆ ಒತ್ತಿ, ಹಿಮ್ಮಡಿ ಊರಿ, ಒಬ್ಬರ ಕಾಲಿಗೆ ಇನ್ನೊಬ್ಬರು ಕೈಯಾಸರೆ ಕೊಟ್ಟು ಇಳಿದೆವು. ಆದರೂ ಮೈಸೂರಿನ ಗೆಳೆಯ ಜಾರಿಯೇಬಿಟ್ಟ. ಆರೇಳು ಅಡಿ! ಕಣಕಾಲು ಉಳುಕಿತು.

ಈಗ ಶೇಷ ಪರ್ವತಕ್ಕೂ ತುದಿಗೂ ನಡುವಿನ ಶೋಲಾದೊಳಗೆ ಸಿಕ್ಕಿದ್ದೇವೆ. ಒಂಟಿ ಮರದ ಬುಡ ಸಾವಿನ ಬುಡ. ಆದರೆ ಒಂದೇ ಎತ್ತರದ ಗಿಡ್ಡ ಮರಗಳು ಒತ್ತಾಗಿ ನಿಂತ ಕಾಡು ಬೋಳು ದಿಬ್ಬಕ್ಕಿಂತ ಎಷ್ಟೋ ಮೇಲು. ಚೀಲದ ಮೇಲೆ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂತೆವು. ಒಬ್ಬರಿಂದೊಬ್ಬರು ದೂರ, ಸಿಡಿಲು ಬಡಿದರೂ ಎಲ್ಲರಿಗೂ ಬಡಿಯದಿರಲೆಂದು. ಇಂಬಳಗಳು ಬೂಟಿನೊಳಗೆ ನುಗ್ಗುತ್ತಿದ್ದವು. ಯಾರಿಗೆ ಬೇಕು ಅವುಗಳ ಲೆಕ್ಕ!

ಮಿಂಚು. ಒಂದು... ಎರಡು... ಗುಡುಗು!

ಅಷ್ಟರಲ್ಲಿ ಮೈಸೂರಿನ ಗೆಳೆಯನ ನಡುಕ ಜೋರಾಯಿತು. ಹತ್ತಿಯ ಅಂಗಿ ತೊಯ್ದು ಮೈಗಂಟಿದೆ, ಗಾಳಿ ಮೈಬಿಸಿಯನ್ನು ಹೀರುತ್ತಿದೆ. ಏನೋ ಹೇಳಿದ, ನಾಲಿಗೆ ತೊದಲಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಸಿಡಿಲು ಬೇಡವೆಂದರೆ ದೂರ ಕೂರಬೇಕು, ಚಳಿ ಬೇಡವೆಂದರೆ ಅಂಟಿ ಕೂರಬೇಕು! ತಂಗಿ ಯೋಚಿಸಲೇ ಇಲ್ಲ. ಅವನ ಅಂಗಿ ಕಳಚಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಿದ್ದ ತನ್ನ ಒಣ ಸ್ವೆಟರ್ ತೊಡಿಸಿ, ಬಾಯಿಗೆ ಬೆಲ್ಲದ ಚೂರು ತುರುಕಿದಳು. ನಾನು ಹಿಂದಿನಿಂದ ಅವನನ್ನು ಅಪ್ಪಿ ಕೂತೆ. ಅವನ ಹಲ್ಲಿನ ಕಟಕಟ ನನ್ನ ಎದೆಗೂಡಿನಲ್ಲಿ ಕೇಳುತ್ತಿತ್ತು.

ಕೆಳಗೆಲ್ಲೋ ನೀರು ಭೋರ್ಗರೆಯಿತು. ಉಡುಪಿಯ ಗೆಳೆಯ ಎದ್ದು ನಿಂತ. "ಇವನನ್ನು ಹೀಗೆ ಬಿಡಬಾರದು. ನೀರು ಹಿಡಿದು ಇಳಿದರೆ ಊರು ಸಿಕ್ಕೇ ಸಿಗುತ್ತದೆ!"

ಕೇಳಲು ಎಷ್ಟು ಸರಿಯೆನಿಸುವ ಮಾತು! ಆದರೆ ಘಟ್ಟದ ತೊರೆ ಊರಿಗೆ ನಡೆದು ಹೋಗುವುದಿಲ್ಲ, ಧುಮುಕಿ ಹೋಗುತ್ತದೆ. ಇದೇ ಬೆಟ್ಟದ ಮಗಳು ಕುಮಾರಧಾರೆ ಮಲ್ಲಳ್ಳಿಯಲ್ಲಿ 60 ಮೀಟರಿಗೂ ಮಿಕ್ಕಿದ ಆಳಕ್ಕೆ ಬೀಳುತ್ತಾಳೆ. ತೊರೆ ಹಿಡಿದು ಇಳಿದವನಿಗೆ ಒಂದು ಹಂತದಲ್ಲಿ ಕೆಳಗೆ ಪ್ರಪಾತ, ಹಿಂದೆ ಹತ್ತಲಾರದ ಜಾರುಬಂಡೆ. "ಕೂತ್ಕೋ!" ಎಂದೆ. ಅವನು ಅಲುಗಲಿಲ್ಲ. "ಕೂತ್ಕೋ, ಕಾಲಿಗೆ ಬೀಳ್ತೀನಿ." ಕೂತ.

ಕೊನೆಯ ಗುಡುಗು ಕೇಳಿದ್ದು 4ಕ್ಕೆ. ಆಮೇಲೂ ಅರ್ಧ ಗಂಟೆ ಏಳಲಿಲ್ಲ. ಮಳೆ ನಿಂತ ಮೇಲೂ ಸಿಡಿಲು ದೂರದ ಮೋಡದಿಂದ ಬಂದು ಬಡಿಯುತ್ತದೆ. ಆ ಅರ್ಧ ಗಂಟೆ ಹಿಂದಿನ ಎರಡು ಗಂಟೆಗಿಂತ ಉದ್ದವಿತ್ತು. ಅವನ ತುಟಿಗೆ ಬಣ್ಣ ಮರಳಿತು, ಮಾತು ನೆಟ್ಟಗಾಯಿತು. "ಇನ್ನೊಂದು ಚೂರು ಬೆಲ್ಲ" ಎಂದ. ತಂಗಿ ಅತ್ತುಬಿಟ್ಟಳು.

ಎದ್ದೆವು. ಊರುಗೋಲಿಗೊಂದು ಕೊಂಬೆ, ಹೆಗಲಿಗೊಂದು ಹೆಗಲು. ಶೇಷ ಪರ್ವತ ಹತ್ತಿ ಇಳಿಯುವಾಗ ಕಾವಳ ಎಷ್ಟು ದಟ್ಟವಿತ್ತೆಂದರೆ ಮುಂದಿನವನ ಚೀಲವೂ ಕಾಣದು. ಒಂದು ಬದಿ ಬಾಯ್ದೆರೆದ ಕಣಿವೆ. ಹುಲ್ಲಿನ ನಡುವೆ ಸವೆದ ಕೆಮ್ಮಣ್ಣಿನ ಗೆರೆ ಕಂಡರೆ ಹೆಜ್ಜೆ, ತಪ್ಪಿದರೆ ನಿಲುಗಡೆ. ನಿಂತಾಗಲೆಲ್ಲ ತಂಗಿ ಮೂರು ಸಲ ಸೀಟಿ ಊದುತ್ತಿದ್ದಳು. ದಾರಿಯ ಕಲ್ಲುಮಂಟಪ ತಲುಪಿದಾಗ ಪೂರ್ತಿ ಕತ್ತಲು. ಇದ್ದದ್ದು ಎರಡು ಟಾರ್ಚು, ಒಂದು ಸಾಯುತ್ತಿತ್ತು.

ಮತ್ತೆ ಮೂರು ಸೀಟಿ.

ಕೆಳಗಿನಿಂದ ಉತ್ತರ ಬಂತು. ಮನುಷ್ಯನ ಕೂಗು! ಬೆಳಕೊಂದು ಓಲಾಡುತ್ತ ಹತ್ತಿ ಬಂತು. ಚೆಕ್‌ಪೋಸ್ಟಿನ ಕಾವಲುಗಾರ. ಮೈಸೂರಿನವನ ಇನ್ನೊಂದು ತೋಳಿಗೆ ತಾನೇ ಹೆಗಲು ಕೊಟ್ಟ, ಒಂದು ಮಾತೂ ಬೈಯಲಿಲ್ಲ. "ಪುಸ್ತಕದಲ್ಲಿ ನಾಲ್ಕು ಹೆಸರು ಹಾಗೇ ಉಳಿದಿತ್ತು" ಎಂದಷ್ಟೇ ಹೇಳಿದ.

ಗಿರಿಗದ್ದೆ ಮುಟ್ಟಿದಾಗ ರಾತ್ರಿ 8. ಮೇಜಿನ ಮೇಲೆ ಅದೇ ಪುಸ್ತಕ ತೆರೆದೇ ಇತ್ತು. ಪೆನ್ನು ಹಿಡಿಯಲು ಬೆರಳು ಕೇಳಲಿಲ್ಲ. ಕಾವಲುಗಾರನೇ ನಮ್ಮ ಮುಖ ನೋಡುತ್ತ, ಒಂದೊಂದೇ ಹೆಸರು ಕೂಗಿ, ಓ ಎಂದಾಗ ಒಂದೊಂದು ಗೆರೆ ಎಳೆದ.

ನಾಲ್ಕು ಗೆರೆ.