ನಾಲ್ಕು ಗಂಟೆಯ ಟಿಕ್ಕು

ನಮ್ಮ ಆತಗೂರಿನ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆಯ ಜಾಗ. ಮದ್ದೂರಿನದ್ದೋ ಮಂಡ್ಯದ್ದೋ ಒಂದಕ್ಕೆ ಬಸುರಿಯನ್ನು ಸೇರಿಸಿ, ಹೊರಗೆ ಫ್ಲಾಸ್ಕು ಹಿಡಿದು ಕಾದು, ಗಂಡೋ ಹೆಣ್ಣೋ ತಿಳಿದುಕೊಂಡು ಊರಿಗೆ ಫೋನು ಮಾಡುವುದು. ಹಾಗಾಗಿ, ಸೊಂಟ ಮುರಿದು ಆಪರೇಷನ್ ಆಗಿ ಮಲಗಿದ್ದ ದೊಡ್ಡವ್ವನಿಗೆ ಅವಳ ಹಿರಿಮಗ, "ಅವ್ವ, ಬೆಂಗಳೂರಲ್ಲಿ ಒಂದು ನರ್ಸಿಂಗ್ ಹೋಮ್ ಐತೆ, ನಾಕು ತಿಂಗಳು ಅಲ್ಲಿರು" ಅಂದಾಗ ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಎಂಬತ್ತೊಂದು ವರ್ಸಕ್ಕೆ ನಂಗ್ಯಾಕ್ಲಾ ನರ್ಸಿಂಗ್ ಹೋಮು? ನಾನೇನು ಬಸುರಿಯಾ?"

ಎಲ್ಲರೂ ನಕ್ಕೆವು. ನಗುವಿನಲ್ಲೇ ವಿಷಯ ತೀರ್ಮಾನವಾಗಿಹೋಯಿತು. ವೃದ್ಧಾಶ್ರಮ ಎಂಬ ಮಾತನ್ನು ಯಾರೂ ಎತ್ತಲಿಲ್ಲ, ಏಕೆಂದರೆ ನಮ್ಮಲ್ಲಿ ಅದು ಜಾಗದ ಹೆಸರಿಗಿಂತ ಹೆಚ್ಚಾಗಿ ಮಕ್ಕಳಿಗೆ ಬೈಯುವ ಬೈಗುಳ. ಎದ್ದು ಓಡಾಡಲಾರದವರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಜಾಗಕ್ಕೆ ನಮ್ಮ ಮಾತಿನಲ್ಲಿ ಇನ್ನೂ ಹೆಸರು ಹುಟ್ಟಿಲ್ಲ. ಹೆಸರೇ ಇಲ್ಲದ ಜಾಗಕ್ಕೆ ಹೋದರೆ ಅಲ್ಲಿ ಏನು ಕೇಳಬೇಕೆಂಬುದೂ ಹೊಳೆಯುವುದಿಲ್ಲ.

ಅವಳು ಬಿದ್ದದ್ದು ಮನೆಯಲ್ಲೇ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ಹಳೆಯ ಬಚ್ಚಲಿಗೆ ಉಳಿ ಹೊಡೆದ ಕಲ್ಲುಚಪ್ಪಡಿ ಇತ್ತು. ಒರಟು, ಪಾಚಿ ಕಟ್ಟಿದರೆ ಬೂದಿ ಹಾಕಿ ಉಜ್ಜುತ್ತಿದ್ದರು. ಮಕ್ಕಳು ಮನೆ ಕಟ್ಟಿಸಿದಾಗ ಅದನ್ನು ಕಿತ್ತು ಮುಖ ಕಾಣುವ ಟೈಲ್ಸ್ ಹಾಕಿಸಿದರು. ಒಂದು ರಾತ್ರಿ ಎದ್ದು ಹೋದವಳು ಅದರ ಮೇಲೆ ಜಾರಿದಳು. ತೊಡೆಮೂಳೆ ಸೊಂಟಕ್ಕೆ ಕೂಡುವ ಕಡೆಯೇ ಮುರಿದಿತ್ತು. ಗೋಡೆಗೆ ಒಂದು ಹಿಡಿಕಂಬಿ ಹಾಕಿಸಲು ಎಷ್ಟು ಖರ್ಚಾಗುತ್ತಿತ್ತೆಂದು ಆಮೇಲೆ ವಿಚಾರಿಸಿದೆ. ಗೃಹಪ್ರವೇಶದ ದಿನ ಹೂವಿಗೆ ಕೊಟ್ಟಷ್ಟೂ ಅಲ್ಲ.

ಸೇರಿಸಿದ್ದು ಕೆಂಗೇರಿಯಿಂದಾಚೆಯ ಒಂದು ಕಡೆಗೆ. ಗೇಟಿನ ಒಳಗೆ ತುಳಸಿಕಟ್ಟೆ, ನೆಲಕ್ಕೆ ಗ್ರಾನೈಟು, ಪ್ರತಿ ಕೋಣೆಗೂ ಸಿಸಿಟಿವಿ. ನಾವು ಕೇಳಿದ್ದು ತಿಂಗಳ ಬಾಡಿಗೆ ಎಷ್ಟು, ಡಾಕ್ಟರು ಯಾವಾಗ ಬರುತ್ತಾರೆ, ಊಟ ಸಸ್ಯಾಹಾರವೋ ಹೇಗೆ ಅಂತ. ಬಾಡಿಗೆ ಕೇಳಿ ನನಗೆ ಮಾತು ನಿಂತಿತು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿ ಮಿತಿ ಹಾಕಿದ್ದಾರೆ. ಆ ದುಡ್ಡಿಗೆ ಇಲ್ಲಿ ಒಂದು ವಾರವೂ ಕಳೆಯುವಂತಿರಲಿಲ್ಲ.

ಆ ಕಾಯ್ದೆ ನಮ್ಮೂರ ಅರಳಿಕಟ್ಟೆಗೂ ಗೊತ್ತು. ಗೊತ್ತಿರುವುದು ಅದರ 23ನೇ ಸೆಕ್ಷನ್ ಮಾತ್ರ: ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಜಮೀನು ಬರೆಸಿಕೊಂಡು ಕೈಬಿಟ್ಟರೆ ಆ ಪತ್ರ ರದ್ದಾಗಬಹುದು ಅನ್ನುವುದು. ಪಹಣಿಯ ಮಾತಾದರೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಅದೇ ಕಾಯ್ದೆಯ 19ನೇ ಸೆಕ್ಷನ್ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಜನ ಬಡ ವೃದ್ಧರು ಇರಬಹುದಾದ ಮನೆಗಳನ್ನು ಸರ್ಕಾರ ಕಟ್ಟಬಹುದು ಅನ್ನುತ್ತದೆ. 'ಕಟ್ಟಬಹುದು', ಅಷ್ಟೇ. ಅಂಥ ಮನೆ ಹೇಗಿರಬೇಕು, ಏನೇನು ಸೌಕರ್ಯ ಇರಬೇಕು ಅನ್ನುವುದನ್ನು ರಾಜ್ಯ ಸರ್ಕಾರದ ಯೋಜನೆಗೆ ಬಿಟ್ಟಿದೆ. ಜಮೀನಿಗೆ ಗಟ್ಟಿ ಮಾತು, ಹಾಸಿಗೆಗೆ ಮೆತ್ತನೆಯ ಮಾತು.

ಊರಲ್ಲೇ ಉಳಿದವನು ನಾನಾದ್ದರಿಂದ ಹದಿನೈದು ದಿನಕ್ಕೊಮ್ಮೆ ಮದ್ದೂರಿಗೆ ಬಂದು ಬಸ್ಸು ಹತ್ತಿ ನೋಡಿಬರುವುದು ನನ್ನ ಪಾಲಿಗೆ ಬಂತು. ಮೊದಲ ಸಲ ಉಪ್ಸಾರಿನ ಖಾರ ಕಟ್ಟಿಕೊಂಡು ಹೋಗಿದ್ದೆ. ಅದನ್ನು ಆಫೀಸಿನಲ್ಲೇ ಇಟ್ಟುಕೊಂಡರು. ಮುದ್ದೆಯನ್ನೂ ಕೊಡುತ್ತಿರಲಿಲ್ಲ. ಗಂಟಲಿಗೆ ಸಿಕ್ಕೀತು, ರಿಸ್ಕು ಅಂದರು. ಲಕ್ವ ಹೊಡೆದವರಿಗೆ ಆ ಮಾತು ನಿಜ. ಆದರೆ ಇವಳಿಗೆ ಲಕ್ವ ಹೊಡೆದಿರಲಿಲ್ಲ, ಗಂಟಲನ್ನು ಯಾರೂ ಪರೀಕ್ಷೆ ಮಾಡಿರಲೂ ಇಲ್ಲ. "ಅಲ್ಲಿಲ್ದೋಳು ಇಟ್ಟು ನುಂಗ್ದೆ ಇನ್ನೇನು ಅಗೀಲಾ ಮಗ? ಬೆಳಿಗ್ಗೆನೂ ಅವಲಕ್ಕಿ, ರಾತ್ರಿನೂ ಅನ್ನ" ಅಂದಳು. ಪಕ್ಕದ ಕೋಣೆಯಲ್ಲಿ ಒಬ್ಬ ಮುದುಕರ ಮಣಿಕಟ್ಟನ್ನು ಮಂಚದ ಸರಳಿಗೆ ಮೆತ್ತನೆಯ ಬಟ್ಟೆಯಿಂದ ಕಟ್ಟಿದ್ದರು. ಇಳಿಯಲು ಹೋಗಿ ಬೀಳುತ್ತಾರಂತೆ. ಬೀಳದಂತೆ ನೋಡಿಕೊಳ್ಳುವ ಸುಲಭದ ದಾರಿ ಏಳದಂತೆ ಮಾಡುವುದು. ಅಲ್ಲಿ ಯಾರೂ ಬಿದ್ದಿಲ್ಲವೆಂದು ಮ್ಯಾನೇಜರು ಹೆಮ್ಮೆಯಿಂದ ಹೇಳಿದ್ದು ಸುಳ್ಳಿರಲಾರದು.

ಇತ್ತ ಹಿರಿಮಗ ತನ್ನ ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಕ್ಯಾಮೆರಾ ನೋಡುತ್ತಿದ್ದ. "ಅವ್ವ ಆರಾಮಾಗಿ ಮಲಗವ್ಳೆ" ಅಂತ ನನಗೂ ಆಗಾಗ ಫೋನು ಮಾಡುತ್ತಿದ್ದ. ಮೂಲೆಯಲ್ಲಿ ಎತ್ತರಕ್ಕಿರುವ ಕ್ಯಾಮೆರಾಕ್ಕೆ ಅಲುಗಾಡದೆ ಮಲಗಿದ ಮುದುಕಿ ಆರಾಮಾಗಿಯೇ ಕಾಣುತ್ತಾಳೆ. ಅವಳಿಗೆ ಹತ್ತಿದ್ದ ರೋಗವೇ ಆ ಅಲುಗಾಡದಿರುವಿಕೆ.

ಅದು ಗೊತ್ತಾದದ್ದು ನಾಲ್ಕನೆಯ ಭೇಟಿಯಲ್ಲಿ. ಹಾಸಿಗೆಯ ಬಟ್ಟೆ ಬದಲಿಸುವ ಹೊತ್ತಿಗೆ ಸರಿಯಾಗಿ ನಾನು ಒಳಗೆ ಹೋದೆ. ಫಿನಾಯಿಲಿನ ಅಡಿಯಲ್ಲಿ ಬೇರೆ ಒಂದು ವಾಸನೆ ಇತ್ತು. ಬೆನ್ನಿನ ಬುಡದಲ್ಲಿ ಎರಡು ರೂಪಾಯಿ ನಾಣ್ಯದಗಲ ಚರ್ಮ ಹೋಗಿತ್ತು. ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ಒತ್ತಿಕೊಂಡರೆ ಅಲ್ಲಿಗೆ ರಕ್ತ ಹರಿಯುವುದು ನಿಂತು ಅದು ಸಾಯುತ್ತದೆ. ಒದ್ದೆ ಇದ್ದರೆ ಇನ್ನೂ ಬೇಗ. ಮೇಲೆ ನಾಣ್ಯದಷ್ಟು ಕಂಡರೆ ಒಳಗೆ ಅದಕ್ಕಿಂತ ಅಗಲ ಇರಬಹುದು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಶುಶ್ರೂಷೆಯ ಬಗ್ಗೆ ಬರೆದ ತನ್ನ ಪುಸ್ತಕದಲ್ಲಿ, ಹಾಸಿಗೆ ಹುಣ್ಣಾದರೆ ಸಾಮಾನ್ಯವಾಗಿ ಅದು ರೋಗದ ತಪ್ಪಲ್ಲ, ಆರೈಕೆಯ ತಪ್ಪು ಎಂದಿದ್ದಳು. ನಮಗೆ ನೈಟಿಂಗೇಲ್ ಕೂಡ ಬೇಕಿರಲಿಲ್ಲ. ಕರು ಹಾಕಿ ಏಳಲಾರದೆ ಬಿದ್ದ ಹಸುವಿಗೆ ಅಡಿಗೆ ಹುಲ್ಲು ಹಾಸಿ, ನಾಲ್ಕು ಜನ ಸೇರಿ ಮಗ್ಗುಲು ಬದಲಿಸುತ್ತಿರಬೇಕು, ಇಲ್ಲದಿದ್ದರೆ ಅಡಿಯಲ್ಲಿ ಕೊಳೆಯುತ್ತದೆ ಅನ್ನುವುದು ಊರಿನ ಹುಡುಗರಿಗೂ ಗೊತ್ತು. ದೊಡ್ಡವ್ವನೇ ಒಂದು ಸಲ ಮೂರು ರಾತ್ರಿ ಕೊಟ್ಟಿಗೆಯಲ್ಲಿ ಲಾಟೀನು ಇಟ್ಟುಕೊಂಡು ಕೂತಿದ್ದಳು.

ಮಂಚದ ಕಾಲಿಗೆ ಒಂದು ಹಲಗೆ ತೂಗುಹಾಕಿದ್ದರು. ಅದಕ್ಕೆ ಸಿಕ್ಕಿಸಿದ ಹಾಳೆಯಲ್ಲಿ ಎರಡು ಗಂಟೆಗೊಂದು ಮನೆ: ಎಡ, ಬಲ, ಅಂಗಾತ. ಪ್ರತಿ ಮನೆಗೂ ಟಿಕ್ಕು. ಒಂದೇ ಶಾಯಿ, ಒಂದೇ ಓರೆ. ನಾನು ಗಡಿಯಾರ ನೋಡಿದೆ, ಮೂರೂ ಹತ್ತು. ಸಂಜೆ ನಾಲ್ಕರ ಮನೆಗೆ ಆಗಲೇ ಟಿಕ್ಕು ಬಿದ್ದಿತ್ತು.

ಕೂಗಾಡಿದೆ. ಆಯಾ ಒಂದು ಮಾತೂ ಆಡದೆ ಬಟ್ಟೆ ಮಡಿಸುತ್ತಿದ್ದಳು. ಯಾದಗಿರಿ ಕಡೆಯ ಹುಡುಗಿ, ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಮ್ಯಾನೇಜರು ಅತ್ತ ಹೋದಮೇಲೆ ಮೆಲ್ಲಗೆ ಹೇಳಿದಳು.

"ರಾತ್ರಿ ನಾವ್ ಇಬ್ರೇ ಇರ್ತೀವ್ರಿ ಅಣ್ಣಾರ. ಮಂದಿ ಇಪ್ಪತ್ತೆರಡು. ಅದ್ರಾಗ ಹನ್ನೊಂದು ಮಂದಿ ತಾವಾಗೇ ಹೊಳ್ಳಂಗಿಲ್ಲ."

ಒಬ್ಬರನ್ನು ಹೊರಳಿಸಿ, ಒರೆಸಿ, ಬಟ್ಟೆ ಸರಿಮಾಡಲು ಇಬ್ಬರೂ ಬೇಕು, ಹತ್ತು ನಿಮಿಷವಾದರೂ ಬೇಕು. ಹನ್ನೊಂದು ಜನಕ್ಕೆ ನೂರಹತ್ತು ನಿಮಿಷ. ಉಳಿಯುವುದು ಹತ್ತು ನಿಮಿಷ. ಆಮೇಲೆ ಮತ್ತೆ ಮೊದಲ ಮಂಚ. ಆ ಹತ್ತು ನಿಮಿಷದಲ್ಲಿ ಮಿಕ್ಕ ಹನ್ನೊಂದು ಜನರಲ್ಲಿ ಯಾರಿಗೂ ಒಂದಕ್ಕೆ ಹೋಗಬೇಕು ಅನ್ನಿಸಬಾರದು, ಯಾರೂ ಕೆಮ್ಮಬಾರದು, ನೀರು ಕೇಳಬಾರದು, ಈ ಹುಡುಗಿಯರು ಕೂರಬಾರದು. ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಸೇರಿಸುವ ದಿನ ಗ್ರಾನೈಟು ನೋಡಿದ ನಾವು ನಾಲ್ಕು ಜನ ಓದಿದವರಲ್ಲಿ ಒಬ್ಬರಾದರೂ, ರಾತ್ರಿ ಎರಡು ಗಂಟೆಗೆ ಇಲ್ಲಿ ಎಷ್ಟು ಜನ ಎದ್ದಿರುತ್ತಾರೆ ಎಂದು ಕೇಳಬಹುದಿತ್ತು. ಹಿರಿಯರಿಗೆಂದೇ 14567 ಸಹಾಯವಾಣಿ ಇದೆ, ಬೆಂಗಳೂರಿನಲ್ಲಿ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ ನಡೆಸುವ 1090 ಇದೆ. ಅದಕ್ಕೆ ಫೋನು ಮಾಡೋಣ ಎಂದೆ. ದೊಡ್ಡವ್ವನ ಮಕ್ಕಳಿಗೆ ಬೇಕಾಗಿದ್ದು ಗಲಾಟೆ ಇಲ್ಲದೆ ಅವ್ವನನ್ನು ಹೊರಗೆ ತರುವುದು. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ. ಆ ಬಟ್ಟೆ ಕಟ್ಟಿದ ಮಣಿಕಟ್ಟು ಈಗಲೂ ಒಮ್ಮೊಮ್ಮೆ ಕಣ್ಣ ಮುಂದೆ ಬರುತ್ತದೆ.

ಊರಿಗೆ ಕರೆತಂದೆವು. ತಲೆಬಾಗಿಲಿಗೆ ಎದುರಾಗಿ, ಬೀದಿ ಕಾಣುವ ಹಾಗೆ ಹಜಾರದಲ್ಲಿ ಮಂಚ ಹಾಕಿದೆವು. ಗಾಳಿ ತುಂಬುವ ಹಾಸಿಗೆ ತಂದದ್ದಾಯಿತು. ಮದ್ದೂರಿನಿಂದ ನರ್ಸಮ್ಮ ಬಂದು ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದರು. ಬಚ್ಚಲಿಗೆ ಹಿಡಿಕಂಬಿಯೂ ಬಂತು. ಹಗಲು ಸೊಸೆ, ಪಕ್ಕದ ಮನೆಯವರು, ಸುಮ್ಮನೆ ಮಾತಾಡಿಸಲು ಬಂದವರು, ಹೀಗೆ ಕೈಗಳಿಗೆ ಬರವಿರಲಿಲ್ಲ. ಮೊದಲ ದಿನವೇ ಮುದ್ದೆ, ಸೊಪ್ಪಿನ ಬಸ್ಸಾರು. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಅವಳು ಒಂದೊಂದೇ ತುತ್ತು ನುಂಗಿ, "ಏನ್ರಲಾ ಇಂಗೆ ನೋಡೀರಿ, ದಿಷ್ಟಿ ಆಯ್ತದೆ" ಅಂದಳು.

ರಾತ್ರಿಯ ಪಾಳಿ ನಾನು ವಹಿಸಿಕೊಂಡೆ. ಹತ್ತು, ಹನ್ನೆರಡು, ಎರಡು, ನಾಲ್ಕು. ಮೊಬೈಲಿನಲ್ಲಿ ಅಲಾರಂ ಇಟ್ಟೆ. ಡೈರಿಗೆ ಹಾಕಿದ ಹಾಲು ಬರೆಯುವ ಹಳೆಯ ನೋಟುಪುಸ್ತಕದ ಹಿಂಬದಿಯಲ್ಲಿ ಗೆರೆ ಹೊಡೆದು ಮನೆ ಮಾಡಿದೆ. ಇಪ್ಪತ್ತೆರಡು ಜನವಲ್ಲ, ಒಬ್ಬಳೇ. ಮೊದಲ ರಾತ್ರಿ ಹುರುಪಿನಲ್ಲಿ ಕಳೆಯಿತು. ಎರಡನೆಯ ರಾತ್ರಿ ಎದ್ದೆ, ಹೊರಳಿಸಿದೆ, ಮಲಗಿದೆ, ಎದ್ದೆ. ಮಗ್ಗುಲು ಬದಲಿಸುವಾಗ ಅವಳು ನಿದ್ದೆಗಣ್ಣಿನಲ್ಲೇ ನನ್ನ ತಲೆ ಸವರುತ್ತಿದ್ದಳು.

ಆರನೆಯ ದಿನ ಬೆಳಗಾದಾಗ ಹಾಲಿನ ಕ್ಯಾನಿನ ಸದ್ದಿಗೆ ಎಚ್ಚರವಾಯಿತು. ಹೊರಗೆ ಬೆಳ್ಳಗೆ ಬೆಳಕು. ಅಲಾರಂ ಯಾವಾಗ ಹೊಡೆಯಿತೋ, ಯಾವಾಗ ಅಮುಕಿದೆನೋ ನೆನಪಿಲ್ಲ. ದೊಡ್ಡವ್ವ ಎರಡು ಗಂಟೆಗೆ ನಾನು ಮಲಗಿಸಿದ್ದ ಬಲಮಗ್ಗುಲಲ್ಲೇ ಇದ್ದಳು. ಗಡಬಡಿಸಿ ಎದ್ದು ಹೊರಳಿಸಿದೆ. ಬಲ ಸೊಂಟದ ಮೇಲೆ ಚರ್ಮ ಕೆಂಪಾಗಿತ್ತು. ಬೆರಳಿಂದ ಒತ್ತಿದೆ, ಬೆಳ್ಳಗಾಗಿ ಮತ್ತೆ ಕೆಂಪಾಯಿತು. ಸದ್ಯ, ಏನೂ ಆಗಿರಲಿಲ್ಲ.

ಸೊಸೆ ಒಳಗೆ ಒಲೆ ಹಚ್ಚುತ್ತಿದ್ದಳು. ಇನ್ನೇನು ಬಂದು ಪುಸ್ತಕ ನೋಡುತ್ತಾಳೆ. ನಾಲ್ಕರ ಮನೆ ಖಾಲಿ ಇತ್ತು. ಪೆನ್ನು ಪುಸ್ತಕದ ನಡುವೆಯೇ ಇತ್ತು.

"ಏನ್ಲಾ ಬರೀತಿದ್ದೀಯ?" ಅಂದಳು ದೊಡ್ಡವ್ವ.

"ಹಾಲಿನ ಲೆಕ್ಕ ಕನವ್ವ" ಅಂದೆ.