ಕರಿಯನನ್ನು ಕರೆಯದೇ ತೆಗೆದ ಫೋಟೊ

ನನ್ನ ಫೋನಿನಲ್ಲಿ ನಮ್ಮನೆ ಕರಿಯನ ನಲವತ್ತು ಫೋಟೊ ಇವೆ. ಎಲ್ಲದರಲ್ಲೂ ಒಂದೇ ಭಂಗಿ: ಕಿವಿ ಹಿಂದಕ್ಕೆ, ಮುಖ ಪಕ್ಕಕ್ಕೆ, ‘ಯಾಕಪ್ಪಾ ಈ ಕಾಟ’ ಅನ್ನೋ ನೋಟ. ಅದು ನಮ್ಮ ಕರಿಯನೇ ಅಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಅವ್ವ ಫೋನ್ ಮಾಡಿ, ‘ಕರಿಯಂಗೆ ವಯಸ್ಸಾಯ್ತು ಕಣೋ ಮಗ, ಮುದ್ದೆನೂ ಅರ್ಧಕ್ಕೇ ಬಿಟ್ಬುಡ್ತದೆ’ ಅಂದಾಗ, ಒಂದಾದರೂ ಸರಿಯಾದ ಫೋಟೊ ಇಟ್ಕೋಬೇಕು ಅನ್ನಿಸಿತು. ಶುಕ್ರವಾರ ರಾತ್ರಿಯೇ ಬೆಂಗಳೂರಿನಲ್ಲಿ ಬಸ್ ಹತ್ತಿದೆ.

ಮೈಸೂರು ದಾಟಿ ಮಡಿಕೇರಿ ರಸ್ತೆಯಲ್ಲಿ ಸುಮಾರು 45 ಕಿ.ಮೀ. ಹೋದರೆ ಹುಣಸೂರು. ಊರಿಗೆ ಲಕ್ಷ್ಮಣತೀರ್ಥ ನದಿ, ಆಚೆಗೆ ನಾಗರಹೊಳೆ ಕಾಡು. ಇದು ಹೊಗೆಸೊಪ್ಪಿನ ಸೀಮೆ. ಸೆಪ್ಟೆಂಬರ್ ಅಂದರೆ ಬ್ಯಾರನ್‌ಗಳು ಉರಿಯುವ ಕಾಲ. ಕಡ್ಡಿಗೆ ಕಟ್ಟಿದ ಸೊಪ್ಪನ್ನು ಒಳಗೆ ಏರಿಸಿ ಐದಾರು ದಿನ ಹಗಲೂ ರಾತ್ರಿ ಸೌದೆ ಉರಿಸಬೇಕು. ಶಾಖ ಏರುಪೇರಾದರೆ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ರೇಟು ಬೀಳುತ್ತದೆ. ಹಾಗಾಗಿ ಒಲೆ ಮುಂದೆ ಯಾರಾದರೂ ಎದ್ದಿರಲೇಬೇಕು. ನಮ್ಮನೇಲಿ ಅದು ಅಪ್ಪ. ಜೊತೆಗೆ ಕರಿಯ.

ಶನಿವಾರ ಬೆಳಿಗ್ಗೆ ಹಳೇ ತಪ್ಪನ್ನೇ ಮಾಡಿದೆ. ‘ಕರಿಯಾ, ಇಲ್ನೋಡೋ’ ಎಂದು ಬಿಸ್ಕೆಟ್ ಆಡಿಸಿದೆ. ಅವನು ಆಕಳಿಸಿ, ಮೂತಿ ನೆಕ್ಕಿಕೊಂಡು, ಟ್ರಾಕ್ಟರ್ ಕೆಳಗೆ ಸೇರಿಕೊಂಡ. ನಿದ್ದೆ ಬಂದಿರಲಿಲ್ಲ, ನಾಯಿಗೆ ಇರುಸುಮುರುಸಾದರೂ ಹೀಗೇ ಆಕಳಿಸುತ್ತದೆ. ನಾಯಿಗಳ ಲೋಕದಲ್ಲಿ ದಿಟ್ಟಿಸಿ ನೋಡುವುದೆಂದರೆ ಜಗಳಕ್ಕೆ ಕರೆದ ಹಾಗೆ. ಮುಖದ ಮುಂದೆ ಹಿಡಿದ ಲೆನ್ಸೂ ಒಂದು ದೊಡ್ಡ ಕಣ್ಣೇ ತಾನೆ?

ಮಧ್ಯಾಹ್ನ ಹುಣಸೂರಿಗೆ ಹೋಗಿ ಬಸ್‌ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ಸುಮ್ಮನೆ ಕೂತೆ. ಅಲ್ಲಿನ ಬೀದಿನಾಯಿಗಳೇ ಮೇಷ್ಟ್ರಾದವು. ಹತ್ತು ನಿಮಿಷ ಅಲುಗಾಡದಿದ್ದರೆ ಅವು ನಮ್ಮನ್ನು ಮರೆತುಬಿಡುತ್ತವೆ. ಆಮೇಲೆ ಫೋನನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿದರೆ ಅವುಗಳ ಕಣ್ಣಿನ ಮಟ್ಟ ಸಿಗುತ್ತದೆ. ಓಡುವಾಗ ಬರ್ಸ್ಟ್ ಒತ್ತಿ ಹಿಡಿಯಿರಿ. ಮರಿ ಹಾಕಿದ ತಾಯಿ, ಊಟಕ್ಕೆ ಕೂತ ನಾಯಿಯ ಹತ್ತಿರ ಮಾತ್ರ ಹೋಗಬೇಡಿ.

ಕಾಯುವುದೇನು ಹೊಸ ವಿದ್ಯೆಯಲ್ಲ. ನಾಗರಹೊಳೆ, ಬಂಡೀಪುರದ ಕಾಡಿನಲ್ಲಿ ಸೀಳುನಾಯಿಗಳಿವೆ. ಶಿಳ್ಳೆಯಂಥ ದನಿಯಲ್ಲಿ ಒಂದನ್ನೊಂದು ಕರೆಯುತ್ತವೆ, ನಾವು ಕರೆದರೆ ಬರುವುದಿಲ್ಲ. ಕೃಪಾಕರ–ಸೇನಾನಿ ಅವುಗಳ ಹಿಂದೆ ವರ್ಷಗಟ್ಟಲೆ ಅಲೆದು ತೆಗೆದ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ, ಗ್ರೀನ್ ಆಸ್ಕರ್ ಅಂತಲೇ ಹೆಸರಾದ ಪಾಂಡಾ ಪ್ರಶಸ್ತಿ ಬಂತು. ನನಗೆ ಮನೆ ನಾಯಿಗಾಗಿ ಒಂದು ರಾತ್ರಿ ಕಾಯೋದು ಕಷ್ಟವೆ?

ಭಾನುವಾರ ನಸುಕಿಗೆ ಬ್ಯಾರನ್ ಪಕ್ಕದ ಸೌದೆ ರಾಶಿಯ ಹಿಂದೆ ಮಲಗಿದೆ. ಫ್ಲ್ಯಾಶ್ ಹಾಕಿದರೆ ನಾಯಿಯ ಕಣ್ಣು ಹಸಿರು ಗೋಲಿಯಂತೆ ಹೊಳೆಯುತ್ತದೆ. ನೈಟ್ ಮೋಡ್‌ನಲ್ಲಿ ಬಾಲ ಅಲ್ಲಾಡಿದರೂ ಮಸುಕು. ಹಾಗಾಗಿ ಬೆಳಕು ಹರಿಯಲಿ ಎಂದು ಕಾದೆ. ಕರಿಯ ಒಲೆ ಬಿಸಿಗೆ ಮೈಯೊಡ್ಡಿ ಮಲಗಿದ್ದ. ಅಪ್ಪ ಶಾಖ ನೋಡಿ ಬಂದು, ಒಂದು ಕೊರಡು ತಳ್ಳಿ, ಟೀಗೆ ಅದ್ದಿದ ಬನ್ನಿನ ಚೂರನ್ನು ಅವನ ಬಾಯಿಗಿಟ್ಟರು. ‘ನಾಯಿ ನಾಯಿ ಥರ ಇರಬೇಕು’ ಅಂತ ನಮ್ಮನ್ನೆಲ್ಲ ಗದರಿಸುವ ಅಪ್ಪ!

ಆಮೇಲೆ ಅವನ ತಲೆ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು: ‘ಇದೊಂದು ವರ್ಷ ಕಣ್ಲಾ. ಮುಂದಿನ ವರ್ಷ ನನ್ ಕೈಲೂ ಆಗಕಿಲ್ಲ, ನಿನ್ ಕೈಲೂ ಆಗಕಿಲ್ಲ.’

ಪ್ರತಿ ಭಾನುವಾರ ಫೋನಿನಲ್ಲಿ ‘ನಾವು ಚೆನ್ನಾಗಿದೀವಿ’ ಅಂತಷ್ಟೇ ಹೇಳುವ ಅಪ್ಪ ಅವರು. ಬೆರಳು ಒತ್ತಿದ್ದು ನನಗೇ ನೆನಪಿಲ್ಲ. ಸ್ಕ್ರೀನ್ ತುಂಬ ಕರಿಯನ ನರೆತ ಮೂತಿ, ಮುಚ್ಚಿದ ಕಣ್ಣು, ಅದರ ಮೇಲೆ ಅಪ್ಪನ ಒರಟು ಕೈ. ಕ್ಯಾಮೆರಾ ಕಂಡರೆ ಸೆಟೆದು ನಿಲ್ಲುವವರು ಇಬ್ಬರೂ ಒಟ್ಟಿಗೆ ಸಿಕ್ಕಿದ್ದರು.

ತಿಂಡಿ ಹೊತ್ತಿಗೆ, ‘ಮುಂದಿನ ವರ್ಷ ಸೊಪ್ಪು ಹಾಕೋದು ಬೇಡ ಬಿಡಪ್ಪ. ಬೇರೆ ಏನಾದ್ರೂ ಬೆಳೆ ನೋಡಣ. ತಿಂಗಳಿಗೆರಡು ಸಲ ನಾನೇ ಬರ್ತೀನಿ’ ಅಂದೆ. ಅಪ್ಪ ತಲೆ ಎತ್ತಿದರು. ‘ಯಾರ್ಲಾ ಹೇಳಿದ್ದು ನಿಂಗೆ?’

ನಾನು ಬಾಗಿಲ ಕಡೆ ನೋಡಿದೆ. ಹೊಸ್ತಿಲಾಚೆ ಮಲಗಿದ್ದ ಕರಿಯ ಎಂದಿನಂತೆ ಮುಖ ಪಕ್ಕಕ್ಕೆ ತಿರುಗಿಸಿದ.